ಕಾಳಮ್ಮನವರೇ ಎಂದು ಕರೆದ ದಿನ

ಕೌದಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ಕಸ ಗುಡಿಸಿ ಗಂಟೆ ಹೊಡೆಯುವ ಕಾಳಿಯನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ‘ಏ ಕಾಡವಳೇ’ ಅಂದರೆ ಸಾಕು, ‘ಬಂದೆ ಕಣವ್ವ’ ಎಂದು ಪೊರಕೆ ಸಮೇತ ಹಾಜರಾಗುವಳು. ಗಣಿತ ಹೇಳುವ ನಾನೂ ಹಾಗೇ ಕರೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? ಬೆಟ್ಟದ ಪೋಡಿನ, ಅಂದರೆ ಕಾಡಿನ ಹಾಡಿಯ, ಸೋಲಿಗರ ಹೆಂಗಸು. ಅಪ್ಪ ಜೇನು ಕೀಳುತ್ತಿದ್ದನಂತೆ. ಗಂಡ ಕಾಫಿ ತೋಟದ ಕೆಲಸಕ್ಕೆ ಹೋದವನು ವಾಪಸ್ಸಾಗಲೇ ಇಲ್ಲ. ಇಷ್ಟಾದರೂ ನಾಲಗೆ ಚುರುಕು. ನಾನು ಪರೀಕ್ಷೆ ಮುಗಿಸಿ ಹೊರಗೆ ಬಂದರೆ, ‘ರೂಪವ್ವ, ಇವತ್ತು ಎಷ್ಟ್ ಮಕ್ಳ ಒಟ್ಟೆ ಉರಿಸ್ದ್ರಿ?’ ಎಂದು ಕೇಳಿ ನಗುವಳು.

ಹೊಸದಾಗಿ ಬಂದ ಕನ್ನಡದ ಟೀಚರ್ ಪದ್ಮಿನಿ ಒಂದು ದಿನ ಹತ್ತನೇ ತರಗತಿಗೆ ಪದ್ಯವೊಂದರ ಅರ್ಥ ಹೇಳುತ್ತಿದ್ದಳು. ಕಡಲಾಚೆಯ ಕಪ್ಪು ಹೆಂಗಸೊಬ್ಬಳು ಬರೆದದ್ದು, ಬಿಳಿಯರ ಮನೆಯಲ್ಲಿ ದುಡಿದವಳ ಪಾಡು.

‘ಹೆಸರಿಟ್ಟು ಕರೆ ನನ್ನ, ಅಮ್ಮ ಎಂದು ಕರೆ,
ಅಂದೇ ನಾ ಹುಟ್ಟಿದೆನೆಂದು ತಿಳಿವೆ.’

‘ನೋಡಿ ಮಕ್ಕಳೇ, ಬಣ್ಣ ನೋಡದೆ ಮರ್ಯಾದೆಯಿಂದ ಕರೆಯುವುದೇ ಸಮಾನತೆ, ಬಿಡುಗಡೆ ಶುರುವಾಗುವುದೇ ಅಲ್ಲಿ’ ಎಂದಳು ಪದ್ಮಿನಿ. ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ಕಾಳಿಯ ಮುಖ ಬಿಳಿಚಿಕೊಂಡಿತು.

‘ಇದು ಉಟ್ಟೋ ಪದ ಅಲ್ಲ ಕಣವ್ವ, ಸಾಯೋ ಪದ.’

ತಮ್ಮ ಮನೆಯ ಕಟ್ಟಳೆಯನ್ನು ಕಾಳಿ ಆಮೇಲೆ ನನಗೂ ಪದ್ಮಿನಿಗೂ ಬಿಡಿಸಿ ಹೇಳಿದಳು. ಯಾರಾದರೂ ಸತ್ತರೆ, ಮಣ್ಣು ಹಾಕುವ ಮುಂಚೆ, ಮನೆಯ ಹಿರಿಯರು ಪೂರ್ತಿ ಹೆಸರು ಹಿಡಿದು, ಮರ್ಯಾದೆ ಸೇರಿಸಿ, ಒಂದೇ ಸಲ ಕರೆಯುತ್ತಾರೆ. ಓಗೊಡದಿದ್ದರೆ ಮಣ್ಣು. ಬದುಕಿರುವವರನ್ನು ಹಾಗೆ ಕರೆಯುವಂತಿಲ್ಲ. ಕರೆದರೆ, ಅದು ಮೊದಲೇ ಹೋದವರು ಕರೆದ ಹಾಗೆ.

‘ಇವಳ ಭಯ ಬಿಡಿಸಬೇಕು ಮೇಡಂ’ ಎಂದಳು ಪದ್ಮಿನಿ. ‘ಸುಮ್ಮನಿರಮ್ಮ, ನಿನಗ್ಯಾಕೆ ಊರ ಉಸಾಬರಿ’ ಎಂದು ಗದರಿದೆ. ಕೇಳುವ ಹುಡುಗಿಯೇ ಅವಳು? ಸಂಜೆ ಕಾಳಿ ಕೋಣೆಗಳಿಗೆ ಬೀಗ ಹಾಕುತ್ತಿದ್ದಾಗ ಹಿಂದಿನಿಂದ ಮೆಲ್ಲಗೆ ಕರೆದೇಬಿಟ್ಟಳು.

‘ಕಾಳಮ್ಮನವರೇ.’

ಬೀಗದ ಕೈ ನೆಲಕ್ಕೆ ಬಿತ್ತು. ಕಾಳಿ ತಿರುಗಿ ನೋಡಲಿಲ್ಲ. ಗಾಳಿಯ ಸುಳಿವಿರಲಿಲ್ಲ, ಆದರೂ ಪಡಸಾಲೆಯ ಕೊನೆಯ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಪದ್ಮಿನಿ ಓಡಿ ಅವಳ ಮುಂದೆ ನಿಂತು, ‘ನಾನೇ ಕಣೇ ಕರೆದದ್ದು’ ಎಂದಳು. ಕಾಳಿ ಅವಳ ಗಂಟಲನ್ನೇ ದಿಟ್ಟಿಸಿದಳು.

‘ಅದು ಸತ್ತೋದ್ ನಮ್ಮವ್ವನ ದನಿ. ನಿಮ್ ಗಂಟ್ಲಲ್ಲಿ ಬಂತು, ಅಷ್ಟೇಯ.’

ಮಾರನೆಯ ದಿನ ಶಾಲೆಯಲ್ಲಿ ಗಂಟೆ ಆಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅನ್ನ ನೀರು ಬಿಟ್ಟಿದ್ದಾಳೆ ಎಂದು ಸುದ್ದಿ ಬಂತು. ನಾನೂ ಪದ್ಮಿನಿಯೂ ಜೀಪು ಹತ್ತಿ ಪೋಡಿಗೆ ಹೋದೆವು.

ನಡುಮಧ್ಯಾಹ್ನ. ಒಂದು ನಾಯಿಯೂ ಬೊಗಳಲಿಲ್ಲ. ಗುಡಿಸಲೊಳಗೆ ಕಾಳಿ ತಲೆ ಬಾಚಿ, ಒಗೆದ ಸೀರೆ ಉಟ್ಟು, ಹೆಣ ಮಲಗಿಸುವ ಹಾಗೆ ತೆಂಕಣಕ್ಕೆ ತಲೆಯಿಟ್ಟು ಮಲಗಿದ್ದಳು. ಕೈ ಮುಟ್ಟಿದೆ, ಮಡಕೆಯ ನೀರಿನಷ್ಟು ತಣ್ಣಗಿತ್ತು. ಹಿತ್ತಲಲ್ಲಿ ಗುದ್ದಲಿಯ ಸದ್ದು. ಇಣುಕಿ ನೋಡಿದರೆ ಅವಳ ತಮ್ಮ ಪುಟ್ಟಮಾದ ಗುಂಡಿ ತೋಡುತ್ತಿದ್ದ! ಅಯ್ಯೋ ದೇವರೇ, ಇನ್ನೂ ಉಸಿರಾಡುತ್ತಿರುವವಳಿಗೆ!

‘ಅವ್ವ ಕರ್ದವ್ಳೆ, ಓಗ್ಲೇಬೇಕು ಮೇಡಮ್ಮ’ ಎಂದು ಅವನು ಮತ್ತೆ ಗುದ್ದಲಿ ಎತ್ತಿದ.

ಪದ್ಮಿನಿ ಕಾಳಿಯ ಪಕ್ಕ ಕುಸಿದು, ‘ಕಾಳೀ, ಅಕ್ಕಾ, ತಪ್ಪಾಯಿತು’ ಎಂದು ಅತ್ತಳು. ರೆಪ್ಪೆ ಅಲುಗಲಿಲ್ಲ. ಉಸಿರು ಮಾತ್ರ ದೂರ ದೂರವಾಗುತ್ತಿತ್ತು. ನನಗೆ ಭಯವಾಯಿತು. ಭಯವಾದರೆ ನನಗೆ ಬರುವುದು ಸಿಟ್ಟೊಂದೇ. ಬಾಗಿಲಲ್ಲಿ ನಿಂತು ಕಿರುಚಿದೆ:

‘ಏ ಕಾಡವಳೇ! ಬಿದ್ಕೊಂಡಿದೀಯಲ್ಲ, ಸ್ಕೂಲು ಗುಡಿಸೋಕೆ ನಿಮ್ಮಪ್ಪ ಬರ್ತಾನಾ?’

ಕಾಳಿ ಕಣ್ಣು ಬಿಟ್ಟಳು.

‘ಬಂದೆ ಕಣವ್ವ’ ಎಂದು ಎದ್ದು ಕೂತಳು. ಗಂಜಿ ಕೇಳಿ ಗಟಗಟ ಕುಡಿದಳು. ಹಿತ್ತಲ ಕಡೆ ತಿರುಗಿ, ‘ಸಾಕು ನಿಲ್ಸ್ಲಾ ಪುಟ್ಮಾದ, ಏನ್ ಆತ್ರ ನಿಂಗೆ!’ ಎಂದು ತಮ್ಮನನ್ನೂ ಬೈದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

‘ಹೇಗೆ ಎದ್ದೆಯೇ?’ ಎಂದು ಕೇಳಿದೆ.

‘ಸತ್ತೋರ್ಗೆ ನಮ್ ಎಸ್ರು ಗೊತ್ತು ರೂಪವ್ವ. ಈ ಬೈಗುಳ ಗೊತ್ತಿಲ್ಲ. ಅಂಗ್ ಕರೆಯೋರು ಬದ್ಕಿರೋರು ಮಾತ್ರ.’

ಪದ್ಮಿನಿ ಮುಖ ಮುಚ್ಚಿಕೊಂಡಳು. ಕಾಳಿ ಅವಳ ಕೈ ಬಿಡಿಸಿ, ತನ್ನ ತಣ್ಣನೆಯ ಬೆರಳನ್ನು ಅವಳ ಗಂಟಲ ಮೇಲಿಟ್ಟಳು.

‘ಅವ್ವ ಇನ್ನೂ ಇಲ್ಲೇ ಕುಂತವ್ಳೆ. ನೀವೂ ಒಂದ್ಸಲ ಅಂಗೇ ಕರೀರಿ ಮೇಡಮ್ಮ, ಎದ್ದೋಯ್ತಾಳೆ. ಇಲ್ದಿದ್ರೆ ನೀವ್ ಬಾಯ್ ತಗ್ದಾಗೆಲ್ಲ ನಾನು ಸಾಯ್ಬೇಕು.’

ಪದ್ಮಿನಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಪದ್ಮಿನಿ ಕಣ್ಣು ಮುಚ್ಚಿಕೊಂಡು ಕರೆದಳು.

‘ಏ... ಕಾಡವಳೇ.’

‘ಬಂದೆ ಕಣವ್ವ!’ ಎಂದು ಕಾಳಿ ಬಾಯಿ ತುಂಬ ನಕ್ಕಳು.