ರೊಟ್ಟಿ ಮಷೀನಿಗೆ ಶುಕ್ರವಾರದ ಕುಂಕುಮ

ಗೆಳತ್ಯಾರ, ನನ್ನ ರೊಟ್ಟಿ ಮಷೀನಿನ ಇನ್‌ಸ್ಪೆಕ್ಷನ್ ಮುಗೀತು, ಸಬ್ಸಿಡಿ ಬರೋದು ಗ್ಯಾರಂಟಿ. ಹೆಂಗ ಮುಗೀತು ಕೇಳ್ರಿ.

ಇವತ್ತ ಮಂಜಲ್‌ಪುರದ ನಮ್ಮನಿಗೆ ಆಫೀಸರ್ ಬಂದಿದ್ರು. ಮಷೀನಿನ ನಂಬರ್ ಫೋಟೋದಾಗ ಕಾಣದಿದ್ರ ಸಬ್ಸಿಡಿ ಇಲ್ಲಂತ. ಆ ನಂಬರಿನ ಮ್ಯಾಲೇ ನಮ್ಮತ್ತಿ ಮುಂಜಾನೆ ಪೂಜಾ ಮಾಡಿ ಅಂಗೈಯಗಲ ಕುಂಕುಮ ಬಳದಿದ್ರು. ಒರಸಲಿಕ್ಕೆ ಹೋದ್ರ ನನ್ನ ಕೈ ಹಿಡದ್ರು. “ಶುಕ್ರವಾರ ಲಕ್ಷ್ಮಿ ಕುಂಕುಮ ಒರಸಬಾರದು. ನಾಳೆ ಬರ್ರಿ ಅಂತ ಹೇಳು.”

ಆಫೀಸರಿಗೆ ಕನ್ನಡ ಬರಂಗಿಲ್ಲ, ನಾನು ಹಿಂದಿಯೊಳಗ ಹೇಳಿದೆ. ಆಫೀಸರ್ ಕೈ ಮುಗದು, “ಒರಸೋದು ಬ್ಯಾಡ, ನನ್ನ ಹಣಿಗೆ ಹಚ್ಚಲಿ” ಅಂದ್ರು. ಅತ್ತಿ ಖುಷಿಯಿಂದ ಅಷ್ಟೂ ತಗದು ಅವರ ಹಣಿಗೆ ಬಳದ್ರು. ನಂಬರ್ ಕಾಣಿಸ್ತು, ಫೋಟೋ ಆತು.

ಆಮ್ಯಾಲೆ ಮಷೀನ್ ಜೋಡಿ ಅವರದೂ ಒಂದು ಫೋಟೋ ಬೇಕಂತ. ಕರ್ಚೀಫ್ ತಗದ್ರು. ಅತ್ತಿ ಅವರ ಕೈನೂ ಹಿಡದ್ರು. “ಶುಕ್ರವಾರ.”

ಈಗ ಸರ್ಕಾರದ ದಾಖಲೆಯೊಳಗ ಮಷೀನಿನ ನಂಬರ್ ಕಾಣ್ತದ, ಆಫೀಸರ್ ಹಣಿ ಕಾಣಂಗಿಲ್ಲ.