ಪೆಟ್ರೋಲ್ ಐತಾ ಸಾ?

ರಸ್ತೆ ಬದಿಯಲ್ಲಿ ಬೈಕೊಂದು ನಿಂತಿದ್ದು, ಅದರ ಯಜಮಾನ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತಿದ್ದರೆ ನಮ್ಮ ಕಡೆಯ ಜನ ಹಾಗೇ ಮುಂದೆ ಹೋಗುವುದಿಲ್ಲ. ತಮ್ಮ ಗಾಡಿ ನಿಲ್ಲಿಸುತ್ತಾರೆ. ಹೆಸರು ಕೇಳುವ ಮೊದಲು, ಊರು ಕೇಳುವ ಮೊದಲು, “ಪೆಟ್ರೋಲ್ ಐತಾ ಸಾ?” ಎನ್ನುತ್ತಾರೆ. ಇದೆ ಎಂದರೆ ನಂಬುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆಸಿ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿ, ಹ್ಯಾಂಡಲ್ ಹಿಡಿದು ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿ, ಒಳಗಿನ ಗುಳುಗುಳು ಸದ್ದು ಕೇಳಿದ ಮೇಲೆಯೇ ಒಪ್ಪುತ್ತಾರೆ.

ಪತ್ರಿಕೆಯಲ್ಲಿ ಬದುಕು ಕಳೆದ ನನಗೆ ಈ ಪದ್ಧತಿಯ ಬಗ್ಗೆ ಗೌರವವಿದೆ. ಯಾರೋ ಹೇಳಿದರೆಂದು ಬರೆಯಬೇಡ, ಹೋಗಿ ನೋಡು ಎಂದು ನಮಗೂ ಕಲಿಸಿದ್ದರು. ಆದರೆ ಒಮ್ಮೆ ಖಚಿತವಾದದ್ದನ್ನು ಮತ್ತೆ ಮತ್ತೆ ಖಚಿತಪಡಿಸಿಕೊಳ್ಳುತ್ತಾ ಕೂತರೆ ಪತ್ರಿಕೆ ಅಚ್ಚಿಗೆ ಹೋಗುವುದಿಲ್ಲ ಎಂದೂ ಕಲಿಸಿದ್ದರು. ಬೆಳಿಗ್ಗೆ ಬಂಕಿನಲ್ಲಿ ನನ್ನ ಕಣ್ಣೆದುರೇ ತುಂಬಿಸಿದ ಪೆಟ್ರೋಲು ಮಧ್ಯಾಹ್ನದೊಳಗೆ ಎಲ್ಲಿ ಹೋಗುತ್ತದೆ? ಹಾಗಾಗಿ ಗಾಡಿ ನಿಂತಾಗ ನಾನು ಏನೇನನ್ನೋ ಪರೀಕ್ಷಿಸುತ್ತಿದ್ದೆ, ಮುಚ್ಚಳವೊಂದನ್ನು ಬಿಟ್ಟು.

ನನ್ನದು ಹಳೆಯ ಬೈಕು. ಇಲ್ಲೇ ಚನ್ನಪಟ್ಟಣದಲ್ಲಿ ವರದಿಗಾರನಾಗಿದ್ದಾಗ ಕೊಂಡದ್ದು. ಹಿಂದಿನ ಸೀಟು ನನ್ನ ಹೆಂಡತಿ ಜಯಮ್ಮನದು. ನನ್ನ ಕನ್ನಡಕ, ಮಾತ್ರೆ, ಕರವಸ್ತ್ರ, ನೀರಿನ ಬಾಟಲಿ ಎಲ್ಲವೂ ಅವಳ ಚೀಲದಲ್ಲಿ ಪ್ರಯಾಣ ಮಾಡುತ್ತಿದ್ದವು. ಗಾಡಿ ನಿಲ್ಲಿಸಿ ಎಡಗೈಯನ್ನು ಹಿಂದಕ್ಕೆ ಚಾಚಿದರೆ ಸಾಕು, ಬೇಕಾದದ್ದು ಕೈಗೆ ಬರುತ್ತಿತ್ತು. ಏನು ಬೇಕೆಂದು ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಅವಳು ತೀರಿಕೊಂಡ ಮೇಲೆ ಆ ಸಾಮಾನೆಲ್ಲ ನನ್ನ ಜೇಬುಗಳಿಗೆ ಬಂದು, ಅಲ್ಲಿಂದ ಒಂದೊಂದಾಗಿ ಕಳೆದುಹೋಗತೊಡಗಿತು. ಕೊನೆಗೆ ರಾಮನಗರದ ಅಂಗಡಿಯೊಂದರಲ್ಲಿ ಟ್ಯಾಂಕ್ ಕವರ್ ಹಾಕಿಸಿದೆ. ರೆಕ್ಸಿನ್ನಿನದು, ಒಳಗೆ ದಪ್ಪ ಸ್ಪಂಜು, ಪೆಟ್ರೋಲ್ ಮುಚ್ಚಳದ ಮೇಲೂ ಬಿಗಿಯಾಗಿ ಕೂರುವ ಒಂದು ಪಟ್ಟಿ, ಅದರ ಮೇಲೆ ಜಿಪ್ಪಿನ ಚೀಲ. ಜಯಮ್ಮನ ಚೀಲದಲ್ಲಿದ್ದುದೆಲ್ಲ ಇದರಲ್ಲಿ ಹಿಡಿಸಿತು. ಹಿಂದಕ್ಕೆ ಹೋಗುತ್ತಿದ್ದ ಕೈಗೆ ಮುಂದೆ ಹೋಗುವುದನ್ನು ಕಲಿಸುವುದು ಮಾತ್ರ ಕಷ್ಟವಾಯಿತು.

ಗಾಡಿ ನಿಲ್ಲಲು ಶುರುವಾದದ್ದು ಆಮೇಲೆ. ಊರೊಳಗೆ ತೊಂದರೆಯಿಲ್ಲ. ಸಾತನೂರಿನ ಕಡೆಗೋ ವಿರೂಪಾಕ್ಷಿಪುರದ ಕಡೆಗೋ ಒಂದಷ್ಟು ದೂರ ಹೋದರೆ ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಗುತ್ತಿತ್ತು. ಮೆಕ್ಯಾನಿಕ್ ಬಳಿ ಒಯ್ದೆ. ಅವರು ಮೊದಲು ಕೇಳಿದ್ದು, “ಹೊಸ್ದಾಗಿ ಏನಾರ ಹಾಕ್ಸಿದ್ರಾ ಸಾ? ಹಾರ್ನು, ಲೈಟು?”

“ಏನೂ ಇಲ್ಲ,” ಎಂದೆ. ಕವರ್ ಎಂಬುದು ನನ್ನ ಲೆಕ್ಕದಲ್ಲಿ ಗಾಡಿಯ ಬಟ್ಟೆ. ಜ್ವರವೆಂದು ಹೋದವನನ್ನು ಡಾಕ್ಟರು ಅಂಗಿಯ ಬಗ್ಗೆ ವಿಚಾರಿಸುತ್ತಾರೆಯೇ? ಮೆಕ್ಯಾನಿಕ್ ಕೂಡ ಅಂಗಿ ಬಿಚ್ಚಿಸುವಂತೆ ಆ ಕವರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಪ್ಲಗ್ ಬದಲಾಯಿಸಿ, ಕಾರ್ಬುರೇಟರ್ ತೊಳೆದು, ದೊಡ್ಡದೊಂದು ಸುತ್ತು ಓಡಿಸಿಕೊಂಡು ಬಂದರು. ಗಾಡಿ ಹಾಡಿಕೊಂಡು ಓಡಿತು. ಕವರ್ ಮತ್ತೆ ಹಾಕಿಕೊಟ್ಟರು. ಮರುದಿನ ಸಾತನೂರು ರಸ್ತೆಯಲ್ಲಿ ಮತ್ತೆ ನಿಂತೆ.

ಒಂದು ವಿಚಿತ್ರವನ್ನು ಆಗಲೇ ಗಮನಿಸಿದ್ದು. ನಾನೊಬ್ಬನೇ ಇದ್ದಾಗ ಎಷ್ಟು ಒದ್ದರೂ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಯಾರಾದರೂ ಬಂದು ನಿಂತರೆ ಆಗುತ್ತಿತ್ತು. ಒಮ್ಮೆ ಹಾಲಿನ ಕ್ಯಾನು ಕಟ್ಟಿಕೊಂಡು ಗಂಡ ಹೆಂಡತಿ ಬಂದರು. ಗಂಡ ಇಳಿಯುವ ಮೊದಲೇ ಹಿಂದಿನಿಂದ ಹೆಂಡತಿ, “ಮೊದ್ಲು ಪೆಟ್ರೋಲ್ ನೋಡಿ,” ಎಂದರು.

“ಸುಮ್ಕಿರಮ್ಮಿ, ಅದ್ನೇ ನೋಡ್ತಿಲ್ವಾ?” ಎಂದು ಆತ ಮುಚ್ಚಳ ತೆಗೆಸಿ ಇಣುಕಿದರು.

“ಇವ್ರು ಮದ್ವೆ ದಿನಾನೇ ಪೆಟ್ರೋಲ್ ಖಾಲಿ ಮಾಡ್ಕಂಡು ನಿಂತಿದ್ರು ಸಾ. ಛತ್ರದಲ್ಲಿ ಗಂಡೇ ಇಲ್ಲ!”

“ಅವತ್ತು ಬರ್ದೇ ಇದ್ದಿದ್ರೆ ಸರಿಯಾಗಿತ್ತು ಕಣಮ್ಮಿ,” ಎನ್ನುತ್ತಾ ಆತ ಕಿಕ್ಕರ್ ಒದ್ದರು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅವರಿಬ್ಬರೂ ಜಗಳವಾಡುತ್ತಲೇ ಹೋದರು. ಆ ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗಾಡಿ ಹತ್ತಲಿಲ್ಲ.

ಸಾಕ್ಷ್ಯವಿಲ್ಲದೆ ತೀರ್ಮಾನಕ್ಕೆ ಬರಬಾರದು, ಒಪ್ಪುತ್ತೇನೆ. ಆದರೂ ಮನೆಯಲ್ಲಿ ಒಬ್ಬನೇ ಇರುವವನ ತಲೆಗೆ ಏನು ಬರುತ್ತದೆ ಹೇಳಿ? ಈ ಗಾಡಿಗೂ ನನ್ನಂತೆಯೇ ಜನ ಬೇಕಾಗಿದೆ ಎಂದುಕೊಂಡೆ. ಆ ದಿನಗಳಲ್ಲಿ ನಾನು ಮನುಷ್ಯರ ಜೊತೆ ನಾಲ್ಕು ಮಾತಾಡಿದ್ದೇನಾದರೂ ಇದ್ದರೆ ಅದು ಗಾಡಿ ಕೆಟ್ಟು ನಿಂತ ಜಾಗಗಳಲ್ಲೇ.

ಕುದೂರಿನಲ್ಲಿರುವ ಜಯಮ್ಮನ ತಮ್ಮ ಶಿವಣ್ಣನಿಗೆ ಈ ವಿಷಯ ಗೊತ್ತಾಗಿ ಫೋನ್ ಮಾಡಿದ. “ಭಾವ, ಅದ್ನ ಮಾರ್ಬುಡಿ. ಇಲ್ಲೊಬ್ರು ತಗತೀನಿ ಅಂತವ್ರೆ. ಭಾನುವಾರ ಕರ್ಕಂಡ್ ಬತ್ತೀನಿ.”

“ನೋಡೋಣ ಶಿವಣ್ಣ.”

“ನೋಡದೇನೈತೆ? ರೋಡಲ್ಲಿ ಕೆಟ್ಟು ನಿಂತ್ರೆ ಯಾರವ್ರೆ ನಿಮ್ಗೆ?”

ಅವನು ಪ್ರೀತಿಯಿಂದಲೇ ಕೇಳಿದ್ದು. ವಾಸ್ತವಾಂಶದ ದೃಷ್ಟಿಯಿಂದ ಅವನ ಮಾತು ತಪ್ಪು. ಪ್ರತಿ ಸಲವೂ ಯಾರೋ ಒಬ್ಬರು ಇದ್ದರು. ಆದರೆ ತಿದ್ದಲು ಹೋಗಲಿಲ್ಲ. ಗಾಡಿ ಹೋದರೆ ನನಗೆ ಉಳಿಯುವುದು ಮನೆ, ಟಿ.ವಿ., ಮತ್ತು ಬಸ್ ನಿಲ್ದಾಣದವರೆಗಿನ ನಡಿಗೆ. ಜಯಮ್ಮ ಕೂರುತ್ತಿದ್ದ ಸೀಟಿನ ಮೇಲೆ ಕುದೂರಿನ ಯಾರೋ ಸೊಪ್ಪಿನ ಹೊರೆ ಕಟ್ಟುತ್ತಾರೆ. ಭಾನುವಾರದೊಳಗೆ ರೋಗ ಪತ್ತೆಯಾಗದಿದ್ದರೆ ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಎಣ್ಣೆಯ ಹೊಸ ತಗಡಿನ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಬಗ್ಗಿಸಿದೆ. ಎಣ್ಣೆ ಸ್ವಲ್ಪ ಸುರಿದು ನಿಂತಿತು. ಡಬ್ಬ ತುಂಬ ಎಣ್ಣೆಯಿದೆ, ತೂತಿದೆ, ಎಣ್ಣೆ ಮಾತ್ರ ಬರುವುದಿಲ್ಲ. ಜಯಮ್ಮ ಹೀಗೆ ಮಾಡುತ್ತಿರಲಿಲ್ಲ ಎಂಬುದು ಆಗ ನೆನಪಾಯಿತು. ಅವಳು ಎದುರು ಮೂಲೆಗೆ ಇನ್ನೊಂದು ತೂತು ಹೊಡೆಯುತ್ತಿದ್ದಳು. ಗಾಳಿ ಒಳಗೆ ಹೋಗದೆ ಎಣ್ಣೆ ಹೇಗೆ ಆಚೆ ಬರುತ್ತದೆ? ಮೊಳೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗಿ ಬೈಕನ್ನು ನೋಡಿದೆ. ಪೆಟ್ರೋಲ್ ಮುಚ್ಚಳದಲ್ಲಿ ಗಾಳಿಗೆಂದು ಇಟ್ಟ ಸಣ್ಣ ಕಿಂಡಿಯ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ರೆಕ್ಸಿನ್, ಅದರ ಮೇಲೆ ನನ್ನ ನೀರಿನ ಬಾಟಲಿ ಸಮೇತ ಸಕಲ ಸಂಸಾರ.

ಆದರೂ ಖಚಿತಪಡಿಸಿಕೊಳ್ಳಬೇಕಲ್ಲ. ಸಾತನೂರು ರಸ್ತೆಯಲ್ಲಿ ಹೋದೆ. ಎಂದಿನಂತೆ ಗಾಡಿ ನಿಂತಿತು. ಯಾರೂ ಇರಲಿಲ್ಲ. ಮೊದಲ ಸಲ, ಯಾರೂ ಹೇಳದೆ, ನಾನಾಗಿಯೇ ಮುಚ್ಚಳ ತಿರುಗಿಸಿದೆ. ಸುಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಳುಗಿ ಎದ್ದವರು ಉಸಿರೆಳೆದುಕೊಳ್ಳುವಂತಿತ್ತು. ಕಿಕ್ ಹೊಡೆದೆ, ಸ್ಟಾರ್ಟ್ ಆಯಿತು. ದಾರಿಹೋಕರೆಲ್ಲ ಪೆಟ್ರೋಲ್ ನೋಡುವ ನೆಪದಲ್ಲಿ ಮಾಡುತ್ತಿದ್ದುದು ಇದನ್ನೇ. ಪ್ರಶ್ನೆ ತಪ್ಪು, ಚಿಕಿತ್ಸೆ ಸರಿ.

ಮುಚ್ಚಳದ ಮೇಲಿನ ಪಟ್ಟಿಯನ್ನು ಕತ್ತರಿಸಿ ತೆಗೆದೆ. ಭಾನುವಾರ ಶಿವಣ್ಣ ಗಿರಾಕಿಯನ್ನು ಕರೆದುಕೊಂಡು ಬಂದ. ಮಾರುವುದಿಲ್ಲ ಎಂದು ಹೇಳಿ ಕಾರಣ ವಿವರಿಸಿದೆ. “ಇಷ್ಟು ದಿನ ಕತ್ತು ಹಿಸುಕಿ ಓಡು ಓಡು ಅಂತಿದ್ರಾ ಭಾವ ಅದ್ನ?” ಎಂದು ನಕ್ಕು, ಊಟ ಮಾಡಿ ಹೋದ.

ಮರುದಿನ ಸಾತನೂರಿಗೆ ಹೋಗಿ, ಹಾಗೇ ಕನಕಪುರ ಮುಟ್ಟಿ ವಾಪಸ್ ಬಂದೆ. ಗಾಡಿ ಎಲ್ಲೂ ಕೆಮ್ಮಲಿಲ್ಲ. ಮನೆ ಬೀಗ ತೆಗೆಯುವಾಗ ಹೊಳೆಯಿತು: ಇಡೀ ದಿನ ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ದುರಸ್ತಿಯಾದ ಗಾಡಿಯ ಈ ದೋಷವನ್ನು ಯಾವ ಮೆಕ್ಯಾನಿಕ್ಕಿಗೆ ತೋರಿಸಲಿ?

ಅದಾದ ಸ್ವಲ್ಪ ದಿನಕ್ಕೆ ಅದೇ ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ, ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ನಿಲ್ಲಿಸಿ ಕೂತೆ. ಸ್ವಲ್ಪ ಹೊತ್ತಿಗೆ ಹಾಲಿನ ಕ್ಯಾನಿನ ಗಂಡ ಬಂದರು. ಈ ಸಲ ಒಬ್ಬರೇ.

“ಮತ್ತೆ ನಿಲ್ತಾ ಸಾ?”

ಹೂಂ ಎನ್ನಬಹುದಿತ್ತು. ನಾಲಿಗೆ ತುದಿಯವರೆಗೂ ಬಂತು. ಆದರೆ ಸುಳ್ಳು ವರದಿ ಕೊಡುವುದು ನನಗೆ ಬರುವುದಿಲ್ಲ. “ಇಲ್ಲಪ್ಪ, ಗಾಡಿ ಸರಿಯಾಗಿದೆ. ಸುಮ್ಮನೆ ನಾನೇ ನಿಲ್ಲಿಸಿದೆ,” ಎಂದೆ. ಇನ್ನು ಅವರು ಹೊರಟುಹೋಗುತ್ತಾರೆ ಎಂದುಕೊಂಡೆ.

ಆತ ನನ್ನನ್ನೂ ಖಾಲಿ ರಸ್ತೆಯನ್ನೂ ಒಮ್ಮೆ ನೋಡಿದರು. ತಮ್ಮ ಗಾಡಿ ಆಫ್ ಮಾಡಿ ಸ್ಟ್ಯಾಂಡ್ ಹಾಕಿದರು. “ಹಂಗಾರೆ ಒಸಿ ಅತ್ಲಾಗೆ ಸರ್ಕಳಿ. ನೆಳ್ಳಲ್ಲಿ ನಾನೂ ಕುಂತ್ಕತೀನಿ.”

ಕೂರುವ ಮುಂಚೆ ಮಾತ್ರ, ಅಭ್ಯಾಸಬಲದಿಂದ, ನನ್ನ ಬೈಕನ್ನೊಮ್ಮೆ ಅತ್ತಿತ್ತ ಅಲ್ಲಾಡಿಸಿ ಕಿವಿಗೊಟ್ಟರು.

“ಐತೆ ಬುಡಿ,” ಎಂದರು.