ತಮ್ಮನ ಕಾರು ನನ್ನ ಕೈಲಿದ್ದಾಗ

ನನ್ನ ತಮ್ಮನ ಅಂಬಾಸಿಡರ್ ಕಾರು ಕೆಲವು ವರ್ಷ ನನ್ನ ಸುಪರ್ದಿಯಲ್ಲಿತ್ತು. ಬಾಪೂಜಿ ನಗರದ ನಮ್ಮ ಮನೆಯ ಪಕ್ಕ, ಕಾಂಪೌಂಡಿನ ಒಳಗೆ ನಿಲ್ಲಿಸಿದ್ದ. ಮಂಗಳೂರು ಕಡೆ ಲಾರಿ ಓಡಿಸಲು ಹೋಗುವ ಮುಂಚೆ ಅವನು ನನಗೆ ವಹಿಸಿದ್ದು ಒಂದೇ ಕೆಲಸ. ವಾರಕ್ಕೊಮ್ಮೆ ಕೀ ತಿರುಗಿಸಿ ಇಂಜಿನ್ ಸ್ವಲ್ಪ ಹೊತ್ತು ಓಡಲು ಬಿಡಬೇಕು, ಅಷ್ಟೆ. ಡ್ರೈವಿಂಗ್ ಬರಬೇಕೆಂದೇನೂ ಇಲ್ಲ. ಹೇಗೆ ಮಾಡಬೇಕೆಂದು ನನ್ನನ್ನೇ ಸೀಟಿನಲ್ಲಿ ಕೂರಿಸಿ ತೋರಿಸಿಕೊಟ್ಟಿದ್ದ.

ಮೊದಮೊದಲು ಮಾಡಿದೆ. ಆಮೇಲೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು. ಸಂಜೆಯಾದರೆ ಕರೆಂಟು ಹೋಗುತ್ತಿತ್ತು, ಮನೆಯ ಯುಪಿಎಸ್ ಬ್ಯಾಟರಿ ಸತ್ತಿತ್ತು. ಕಾರಿನ ಬ್ಯಾಟರಿ ತೆಗೆಸಿ ಒಳಗೆ ಯುಪಿಎಸ್‌ಗೆ ಹಾಕಿಸಿದೆ. ಪರೀಕ್ಷೆ ಮುಗಿಯುವವರೆಗೆ ಮಾತ್ರ ಅಂದುಕೊಂಡಿದ್ದೆ. ಪರೀಕ್ಷೆ ಮುಗಿಯಿತು, ಮಗಳು ಪಾಸಾದಳು, ಬ್ಯಾಟರಿ ಒಳಗೇ ಉಳಿಯಿತು. ಬ್ಯಾಟರಿ ಇಲ್ಲದ ಕಾರು ನಮ್ಮ ಮನೆಯ ಇನ್ನೊಂದು ಬೀರುವಾಯಿತು. ಹಿಂದಿನ ಸೀಟಿನಲ್ಲಿ ರಾಗಿ ಚೀಲ, ಹಳೇ ಕಂಬಳಿ, ಮಗಳ ಪುಸ್ತಕದ ಕಟ್ಟು. ಬೇಸಿಗೆಯಲ್ಲಿ ಬಾನೆಟ್ ಮೇಲೆ ಸಂಡಿಗೆ ಒಣಗಿಸುತ್ತಿದ್ದೆ.

ಆಯುಧಪೂಜೆ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಬಕೆಟ್ಟುಗಟ್ಟಲೆ ನೀರು ಹೊಯ್ದು ಒಳಗೂ ಹೊರಗೂ ತೊಳೆದು, ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿ ಒಡೆಯುತ್ತಿದ್ದೆ. ಆ ದಿನ ಕಾರನ್ನು ನೋಡಿದಾಗ ನಾನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ತೊಳೆದ ನೀರು ಒಳಗಿನ ರಬ್ಬರ್ ಮ್ಯಾಟಿನ ಅಡಿಗೆ ಇಳಿದು, ಮುಂದಿನ ದಸರಾದವರೆಗೂ ಅಲ್ಲೇ ಇದ್ದು ತಗಡನ್ನು ತಿನ್ನುತ್ತಿತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ.

ತಮ್ಮ ಭಾನುವಾರ ಫೋನ್ ಮಾಡುತ್ತಿದ್ದ. ಇಡುವ ಮುಂಚೆ, ಗಾಡಿ ಸ್ಟಾರ್ಟ್ ಮಾಡಿದ್ಯಾ ಅನ್ನುತ್ತಿದ್ದ. ಮಾಡ್ದೆ ಅನ್ನುತ್ತಿದ್ದೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಗೆ ಮುಂಚಿನಿಂದಲೂ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದೇನೆ. ಅಲ್ಲಿ ಲೈನಿನ ಸೂಪರ್‌ವೈಸರ್ ಹಿಂದೆ ಬಂದು ‘ಆಯ್ತಾ’ ಎಂದರೆ ‘ಆಯ್ತು’ ಅನ್ನಬೇಕು. ಇಲ್ಲ ಅಂದರೆ ಅವರು ನಿಂತು ಬೈಯುತ್ತಾರೆ, ಬೈಸಿಕೊಳ್ಳುವ ಹೊತ್ತಿಗೆ ಇನ್ನೆರಡು ಪೀಸು ಹಿಂದೆ ಬೀಳುತ್ತವೆ. ಆಯ್ತು ಅಂದುಬಿಟ್ಟರೆ ಅವರು ಮುಂದೆ ಹೋಗುತ್ತಾರೆ, ನಾವು ಬೇಗಬೇಗ ಮುಗಿಸಿಬಿಡುತ್ತೇವೆ. ಇದು ಸುಳ್ಳು ಅಂತ ಆ ಲೈನಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ. ನನಗೂ ಅನ್ನಿಸುತ್ತಿರಲಿಲ್ಲ.

ಒಂದು ಭಾನುವಾರ ಅವನು, ಸ್ವಲ್ಪ ಕೇಳಿಸು, ಗಾಡಿ ಸೌಂಡು ಕೇಳಿ ಎಷ್ಟು ದಿನ ಆಯ್ತು ಅಂದ. ನಾನು ಗೇಟಿನ ಹತ್ತಿರ ಹೋದೆ. ಬೀದಿಯಲ್ಲಿ ಹಾಲಿನ ಟೆಂಪೋ ಇಂಜಿನ್ ಆಫ್ ಮಾಡದೆ ಕ್ರೇಟು ಇಳಿಸುತ್ತಿತ್ತು. ಫೋನನ್ನು ಅದರ ಕಡೆ ಹಿಡಿದೆ. ಅವನು, ಸರಿ ಕಣಕ್ಕ, ಇಡ್ತೀನಿ ಅಂದ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವನು ವಾಪಸ್ ಬಂದ. ಸೊಂಟ ಕೆಟ್ಟಿತ್ತು, ಇನ್ನು ಲಾರಿ ಹತ್ತಬಾರದು ಅಂತ ಡಾಕ್ಟರು ಹೇಳಿದ್ದರು. ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಆದರೆ ಮುಖ ಬಾಡಿರಲಿಲ್ಲ. ಈಗ ಮದುವೆ ಹುಡುಗ ಹುಡುಗಿಗೆಲ್ಲ ಹಳೇ ಕಾರೇ ಬೇಕಂತೆ, ಫೋಟೋ ಶೂಟಿಂಗಿಗೂ ಅದೇ ಬೇಕಂತೆ. ವಿಜಯನಗರದ ಒಬ್ಬ ಫೋಟೋಗ್ರಾಫರ್, ಮಾಘದಲ್ಲಿ ಗಾಡಿ ರೆಡಿ ಇದ್ದರೆ ಸೀಸನ್ ಪೂರ್ತಿ ಬಾಡಿಗೆ ಕೊಡಿಸುತ್ತೇನೆ ಅಂದಿದ್ದನಂತೆ. ಆ ಕಾರಿನ ಮೇಲೆಯೇ ಇನ್ನು ಅವನ ಊಟ.

ಅವನು ಬರುವ ಹಿಂದಿನ ದಿನ ನಾನು ಚೀಲ, ಕಂಬಳಿ ಎಲ್ಲ ತೆಗೆದು, ಬ್ಯಾಟರಿಯನ್ನು ಮತ್ತೆ ಕಾರಿಗೆ ಕೂರಿಸಿದ್ದೆ.

ಬಂದವನೇ ಚಹಾ ಕೂಡ ಕುಡಿಯದೆ ಕೀ ತಿರುಗಿಸಿದ. ಟಕ್ ಎಂದಿತು, ಅಷ್ಟೆ. ಕೆಳಗೆ ಕೈಹಾಕಿ ಮ್ಯಾಟು ಎತ್ತಿದರೆ ನೆಲ ಕಾಣುತ್ತಿತ್ತು. ತಗಡು ಹೊಸದು ಹಾಕಿಸಬಹುದು ಬಿಡು ಅಂದ.

ಭಾನುವಾರ ಕಾಮಾಕ್ಷಿಪಾಳ್ಯದಿಂದ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತಿ ನೋಡಿ, ಎರಡು ದಾರಿ ಇವೆ ಅಂದ. ಗಾಡಿ ಇತ್ತೀಚಿನವರೆಗೂ ಓಡಿದ್ದರೆ ಹಗ್ಗ ಕಟ್ಟಿ ಎಳೆದರೆ ಸಾಕು, ಸ್ಟಾರ್ಟ್ ಆಗುತ್ತದೆ. ವರ್ಷಗಟ್ಟಲೆ ನಿಂತಿದ್ದರೆ ಎಳೆಯಬಾರದು. ಪ್ಲಗ್ ಬಿಚ್ಚಿ ಒಳಗೆ ಆಯಿಲ್ ಬಿಟ್ಟು ಒಂದು ವಾರ ನೆನೆಯಲು ಬಿಡಬೇಕು. ಇಲ್ಲದಿದ್ದರೆ ಒಳಗಡೆ ಮುರಿಯುತ್ತದೆ.

ಆಮೇಲೆ ನನ್ನನ್ನು ಕೇಳಿದ. “ಅಕ್ಕ, ಲಾಸ್ಟ್ ಯಾವಾಗ ಸ್ಟಾರ್ಟ್ ಮಾಡಿದ್ರಿ?”

ತಮ್ಮ ನನ್ನನ್ನೇ ನೋಡುತ್ತಿದ್ದ. ಪಕ್ಕದ ಮನೆಯ ಆಂಟಿ ಕಾಂಪೌಂಡಿಗೆ ಒರಗಿ ನಿಂತಿದ್ದರು. ಎಳೆಯಲು ಬಂದ ಗೂಡ್ಸ್ ಆಟೋದವನು ಹಗ್ಗ ಹಿಡಿದು ಕಾಯುತ್ತಿದ್ದ.

“ಹೋದ ತಿಂಗ್ಳು,” ಅಂದೆ.

ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದ ಮೇಲೆ ನನಗೇ ಒಂದು ಕ್ಷಣ ನಿಜ ಅನ್ನಿಸಿತು. ಕಾರನ್ನು ಬೀದಿಗೆ ತಳ್ಳಿ ಹಗ್ಗ ಕಟ್ಟಿದರು, ತಮ್ಮ ಗೇರ್ ಹಾಕಿ ಒಳಗೆ ಕೂತ. ಚಕ್ರದಡಿ ನಿಂಬೆಹಣ್ಣು ಇಡು ಅಂತ ತಮ್ಮ ಕೂಗಿದ, ಇಟ್ಟೆ. ಬಗ್ಗಿದಾಗಲೂ ಹೇಳಬಹುದಿತ್ತು. ಎದ್ದು ನಿಂತಾಗಲೂ ಹೇಳಬಹುದಿತ್ತು. ಆಟೋ ಮುಂದೆ ಹೋಯಿತು, ಹಗ್ಗ ಬಿಗಿಯಿತು. ಕಾರಿನ ಹಿಂದಿನ ಚಕ್ರ ತಿರುಗದೆ ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಇನ್ನೊಂದು ಸಲ ಎಳೆ ಅಂದ ತಮ್ಮ. ಎರಡನೇ ಸಲ ಒಳಗಿನಿಂದ ಕಲ್ಲು ಒಡೆದ ಹಾಗೆ ಒಂದು ಸದ್ದು ಬಂತು. ಮೆಕ್ಯಾನಿಕ್ ಓಡಿಹೋಗಿ ಆಟೋದ ಬೆನ್ನಿಗೆ ಬಡಿದು ನಿಲ್ಲಿಸಿದ.

ಇಂಜಿನ್ ಇಳಿಸಿ ಬಿಚ್ಚಿದರು. ಪಿಸ್ಟನ್ ರಿಂಗು ಮುರಿದು, ಒಳಗೆಲ್ಲ ಗೀರು ಬಿದ್ದಿತ್ತು. ಸಾಮಾನು ಸಿಗಲು ತಡವಾಯಿತು, ಹಳೇ ಗಾಡಿಗೆ ಎಲ್ಲವೂ ಯಾರದೋ ಗೋಡೌನಿನಲ್ಲಿ ಹುಡುಕಿ ತರಬೇಕು. ಮಾಘ ಹೋಯಿತು. ವೈಶಾಖವೂ ಹೋಯಿತು. ಫೋಟೋಗ್ರಾಫರ್ ಬೇರೆ ಕಾರು ಹಿಡಿದ. ತಮ್ಮ ಬೆಳಿಗ್ಗೆ ಶೆಡ್ಡಿಗೆ ಹೋಗಿ ಸಂಜೆ ಕೈ ಕಪ್ಪು ಮಾಡಿಕೊಂಡು ಬಂದು, ಮುದ್ದೆ ತಿಂದು, ಗೋಡೆ ಹಿಡಿದು ಮಲಗುತ್ತಿದ್ದ. ಇವತ್ತು ಕೇಳುತ್ತಾನೆ, ಇವತ್ತು ಕೇಳುತ್ತಾನೆ ಅಂತ ನಾನು ಕಾಯುತ್ತಿದ್ದೆ. ಕೇಳುತ್ತಿರಲಿಲ್ಲ. ಗಾರ್ಮೆಂಟ್ಸಿನಲ್ಲಿ ಕಾಲರ್ ತಲೆಕೆಳಗಾಗಿ ಹೊಲಿದು ಬೈಸಿಕೊಂಡೆ. ಮನೆಯಲ್ಲಿ ಕೂತರೆ ಏಳಬೇಕು, ಎದ್ದರೆ ಏಕೆ ಎದ್ದೆ ಅಂತ ಗೊತ್ತಿಲ್ಲ.

ಕೊನೆಗೆ ಸೀಟಿನ ರೆಕ್ಸಿನ್ ನಾನೇ ಹೊಲಿಯುತ್ತೇನೆ ಅಂದೆ. ಅವನು ಅಳತೆ ಹಿಡಿದುಕೊಳ್ಳಲು ಎದುರಿಗೆ ಕೂತಿದ್ದಾಗ ಮಿಷನ್ ನಿಲ್ಲಿಸಿ ಎಲ್ಲ ಹೇಳಿದೆ. ಬ್ಯಾಟರಿ, ಟೆಂಪೋ, ಹೋದ ತಿಂಗಳು, ಎಲ್ಲ.

“ಟೆಂಪೋ ಅಂತ ಅವತ್ತೇ ಗೊತ್ತಾಯ್ತು ಕಣಕ್ಕ,” ಅಂದ. “ನಮ್ದು ಪೆಟ್ರೋಲ್ ಗಾಡಿ. ಡೀಸೆಲ್ ಸೌಂಡು ಗೊತ್ತಾಗಲ್ವಾ ನಂಗೆ? ಅದನ್ನೇ ಓಡಿಸ್ತಿದ್ದೋನು.”

“ಮತ್ತೆ ಎಳೆಯೋಕೆ ಯಾಕೆ ಬಿಟ್ಟೆ?”

ಅವನು ಟೇಪನ್ನು ಸುತ್ತುತ್ತಾ ಕೂತಿದ್ದ. “ಮೆಕ್ಯಾನಿಕ್ ಕೇಳ್ದಾಗ ನೀನು ಹೋದ ತಿಂಗ್ಳು ಅಂದೆ. ಅಷ್ಟು ಜನದ ಮುಂದೆ. ನನ್ನ ಹೊಟ್ಟೆ ವಿಷ್ಯದಲ್ಲಿ ಅಕ್ಕ ಸುಳ್ಳು ಹೇಳಲ್ಲ, ಆಮೇಲೆ ಯಾರತ್ರನೋ ಸ್ಟಾರ್ಟ್ ಮಾಡ್ಸಿರ್ತಾಳೆ ಅನ್ಕೊಂಡೆ.”

ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವನು ಎದ್ದು, ಬಲಗಡೆ ಹೊಲಿಗೆ ಸ್ವಲ್ಪ ಸೊಟ್ಟ ಇದೆ ನೋಡು ಅಂದು ಹೊರಗೆ ಹೋದ. ಬಿಚ್ಚಿ ಮತ್ತೆ ಹೊಲಿದೆ.

ಆಷಾಢ ಮುಗಿಯುವಷ್ಟರಲ್ಲಿ ತಗಡು, ಬಣ್ಣ, ಬ್ರೇಕು ಎಲ್ಲ ಆಯಿತು. ಆರ್‌ಟಿಒ ಆಫೀಸಿನಲ್ಲಿ ಎಫ್‌ಸಿಯೂ ಆಯಿತು. ಕೆಂಗೇರಿವರೆಗೆ ನಿಧಾನವಾಗಿ ಹೋಗಿ ಬರುತ್ತಾ ಇಂಜಿನ್ ಪಳಗಿಸಿದ. ಶ್ರಾವಣದಲ್ಲಿ ಬಸವೇಶ್ವರನಗರದ ಒಂದು ಮದುವೆಗೆ ಮೊದಲ ಬಾಡಿಗೆ ಸಿಕ್ಕಿತು. ಏಳಕ್ಕೆಲ್ಲ ಹುಡುಗಿ ಮನೆ ಮುಂದೆ ಇರಬೇಕು. ಹಿಂದಿನ ದಿನ ಅವನು, ರೇಡಿಯೇಟರಿಗೆ ನೀರು ನೀನೇ ಹಾಕಿಬಿಡು, ನಾನು ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಬರುತ್ತೇನೆ ಅಂದಿದ್ದ. ನನ್ನ ಕೈಗೆ ಮತ್ತೆ ಏನೋ ಒಂದು ಕೊಟ್ಟ ಅಂತ ಖುಷಿಯಾಗಿತ್ತು. ಆ ಖುಷಿಯಲ್ಲೇ ಕಾರು ಒರೆಸಿದೆ. ಬೆಳಗ್ಗೆ ಬಾನೆಟ್ಟಿನ ಉದ್ದಕ್ಕೂ ಮಲ್ಲಿಗೆ ಹಾರ ಬಿಗಿದು ಕಟ್ಟಿದೆ, ದಾರಿಯಲ್ಲಿ ಜಾರದ ಹಾಗೆ ಗಂಟಿನ ಮೇಲೆ ಗಂಟು ಹಾಕಿದೆ. ಅವನು ಬಿಳಿ ಬಟ್ಟೆ ಹಾಕಿಕೊಂಡು ಕೂತು ಕೀ ಹಾಕಿದ. ಹೊತ್ತಾಗಿತ್ತು.

“ನೀರು ಹಾಕಿದ್ಯಾ?”

ಬಾಯಿ ಆಗಲೇ ತೆರೆದಿತ್ತು. ಹ್ಞೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

“ಇಲ್ಲ,” ಅಂದೆ. “ಮರ್ತೋದೆ.”

ಅವನು ಮುಖ ಗಂಟು ಹಾಕಿಕೊಂಡು ಇಳಿದ. ಹಾರ ಬಿಚ್ಚದೆ ಬಾನೆಟ್ ಎತ್ತುವ ಹಾಗಿರಲಿಲ್ಲ. ಬಿಚ್ಚು ಅಂದ. ಗಂಟು ಬಿಡಲಿಲ್ಲ, ಹಲ್ಲಿನಿಂದ ಕಚ್ಚಿ ಹರಿದೆ, ಅರ್ಧ ಹೂವು ನೆಲಕ್ಕೆ ಬಿತ್ತು. ಬಿಳಿ ತೋಳು ಮಡಚಿಕೊಂಡು ಅವನು ನೀರು ಸುರಿದ. ಖಾಲಿಯಾಗಿದ್ದ ರೇಡಿಯೇಟರು ತುಂಬಾ ನೀರು ಹಿಡಿಯಿತು. ಹುಡುಗಿ ಮನೆಯವರ ಫೋನು ಬಂತು, ಬರ್ತಾ ಇದೀನಿ ಸಾರ್, ಹತ್ತು ನಿಮಿಷ ಲೇಟಾಗತ್ತೆ ಅಂದ. ಉಳಿದ ಹೂವನ್ನು ನಾನು ಹೇಗೋ ಜೋಡಿಸಿ ಕಟ್ಟಿದೆ. ಹೋಗ್ತೀನಿ ಅಂತ ಕೂಡ ಅನ್ನದೆ ಹೊರಟ.

ಗೇಟು ಹಾಕಿ ಒಳಗೆ ಬಂದೆ. ಮತ್ತೆ ಹೊರಗೆ ಹೋದೆ. ಅವನು ವಾಪಸ್ ಬರುವವರೆಗೆ ಇದನ್ನೇ ಮಾಡುತ್ತಿರುತ್ತೇನೆ ಅಂತ ಗೊತ್ತಾಯಿತು.